ಮೂವರು ಮಕ್ಕಳ ತಂದೆ

ನಮ್ಮೂರಿನಲ್ಲಿ ಕಾರಿನ ನಂಬರ್ ಪ್ಲೇಟಿನ ಮೇಲೆ ನಂಬರು ಇರುವುದಿಲ್ಲ. ಕಾರಿನ ಒಡೆಯನ ಬಗ್ಗೆ ಒಂದು ಮಾತು ಇರುತ್ತದೆ. ಆ ಮಾತು ನಿಜವಾಗಿದ್ದರೆ ಕಾರು ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪ್ಲೇಟು ಬರೆಸುವಾಗ ಜನ ಮೈಯೆಲ್ಲ ಕಣ್ಣಾಗಿರುತ್ತಾರೆ. ದವಾಖಾನೆಯ ಡಾಕ್ಟರರ ಕಾರಿನ ಮೇಲೆ ‘ಕನ್ನಡಕ ಹಾಕುವವನು’ ಎಂದಿದೆ. ಅಕ್ಕಿ ಗಿರಣಿಯ ಸಾಹುಕಾರರದು ‘ಎತ್ತರದ ಮನುಷ್ಯ’. ಪುರಸಭೆಯ ಅಧ್ಯಕ್ಷರೊಬ್ಬರು ‘ಜನಸೇವಕ’ ಎಂದು ಬರೆಸಿ, ಅವಧಿ ಮುಗಿಯುವವರೆಗೂ ಕಾರನ್ನು ಆಳುಗಳಿಂದ ತಳ್ಳಿಸಿಕೊಂಡೇ ಓಡಾಡಿದ್ದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಮದುವೆಯಲ್ಲಿ ಉಡುಗೊರೆ ಬಂದ ‘ಸುಖೀ ದಂಪತಿ’ ಪ್ಲೇಟಿನ ಕಾರುಗಳು ಊರಾಚೆಯ ಸೇತುವೆ ದಾಟಿದ್ದು ಕಡಿಮೆ. ಇಷ್ಟಾದರೂ ಜನ ಪ್ಲೇಟನ್ನು ಉಡುಗೊರೆ ಕೊಡುವುದನ್ನು ಬಿಟ್ಟಿಲ್ಲ. ಒಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ನಿಜವೆಂದು ನಂಬಿ, ಅದನ್ನು ತಗಡಿನ ಮೇಲೆ ಒತ್ತಿಸಿ ಕೊಡುವುದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ?

ನಮ್ಮಪ್ಪ ರುದ್ರಮುನಿಯಪ್ಪನದು ಗೋಲಿ ಸೋಡಾದ ವ್ಯಾಪಾರ. ವರ್ಷಗಟ್ಟಲೆ ಸೈಕಲ್ಲಿನ ಮೇಲೆ ಕ್ರೇಟು ಹೇರಿಕೊಂಡು ಓಣಿ ಓಣಿ ತಿರುಗಿದ ಮನುಷ್ಯ, ಮಂಡಿ ನೋವು ಶುರುವಾದ ಮೇಲೆ ಹಳೆಯದೊಂದು ಬಿಳಿ ಕಾರು ಕೊಂಡ. ‘ಈಚೆಗೆ ಕಾರು ಕೊಂಡವನು’ ಎಂದು ಸದ್ಯಕ್ಕೆ ಒಂದು ಪ್ಲೇಟು ಹಾಕಿಸಿದ್ದ. ‘ಈಚೆಗೆ’ ಎನ್ನುವುದು ಸವೆಯುತ್ತ ಬಂದಂತೆ ಕಾರು ಕೆಮ್ಮತೊಡಗಿತು, ಏರಿನಲ್ಲಿ ನಿಲ್ಲತೊಡಗಿತು. ಆಗ ಅಣ್ಣ ಕೊಟ್ರೇಶಿಯೂ ನಾನೂ ಸೇರಿ ಅಪ್ಪನಿಗೆ ಒಂದು ಖಾಯಂ ಪ್ಲೇಟು ಕೊಡೋಣವೆಂದು ಮಾತಾಡಿಕೊಂಡೆವು. ಅಪ್ಪನಿಗೆ ಅರವತ್ತು ತುಂಬುವುದರಲ್ಲಿತ್ತು.

ಪ್ಲೇಟು ಒತ್ತುವ ಬಾಷಾ ಸಾಬರು ಬುದ್ಧಿ ಹೇಳಿದರು. “ನೋಡಮ್ಮ ಅನಸೂಯ, ಸೋಡಾ ಮಾರುವವನು ಅಂತ ಹಾಕಿಸ್ರಿ. ಚೆಂದ ಕಾಣಲ್ಲ ನಿಜ, ಆದ್ರೆ ಬೆಳಗಾನ ಎದ್ದು ತಳ್ಳೋ ತಾಪತ್ರಯ ಇರಲ್ಲ.”

ಅಣ್ಣ ಕೇಳಲಿಲ್ಲ. ಅವನದು ಮೊದಲಿನಿಂದಲೂ ನಗುವ ಮುಖ, ಎದುರಿಗಿದ್ದವರನ್ನು ಒಪ್ಪಿಸಿಯೇ ಬಿಡುವ ಬಾಯಿ. “ಸೋಡಾ ನಾಳೆ ಬಿಡಬೋದು ಸಾಬ್ರೇ. ಇಬ್ಬರು ಮಕ್ಕಳ ತಂದೆ ಅಂತ ಒತ್ತಿ. ಇಬ್ರೂ ನಿಮ್ಮ ಎದುರಿಗೇ ನಿಂತೀವಿ. ಇದಕ್ಕಿಂತ ನಿಜ ಏನೈತೆ?”

ಅರವತ್ತರ ದಿನ ನೆಂಟರಿಷ್ಟರೆಲ್ಲ ಸೇರಿದ್ದರು. ಹೋಳಿಗೆ ಊಟ ಮುಗಿದ ಮೇಲೆ ಪ್ಲೇಟಿಗೆ ಮುಚ್ಚಿದ್ದ ರೇಷ್ಮೆ ವಸ್ತ್ರವನ್ನು ಅಣ್ಣ ತೆಗೆದ. ಅಪ್ಪ ಓದಿದ. ಅವನು ನಗುತ್ತಾನೆಂದು ನಾನು ಕಾದೆ. “ಇದೆಲ್ಲ ಯಾಕೆ ಬೇಕಿತ್ರೋ, ಸೋಡಾ ಅಂತ ಬರೆಸಿದ್ರೆ ಸಾಕಿತ್ತು,” ಎಂದ. ನಾಚಿಕೆಯಿಂದ ಹಾಗೆನ್ನುತ್ತಿದ್ದಾನೆ ಎಂದುಕೊಂಡು ಎಲ್ಲರೂ ನಕ್ಕರು. ಹಾರ ಹಾಕಿ, ಕಾಯಿ ಒಡೆದು, ಅವನನ್ನು ಕಾರಿನೊಳಗೆ ಕೂರಿಸಿದರು. ಅವನು ಕೀಲಿ ತಿರುಗಿಸಿದ. ಕಾರು ಉಸಿರೆತ್ತಲಿಲ್ಲ.

ಮತ್ತೆ ತಿರುಗಿಸಿದ. ಚಿಕ್ಕಪ್ಪ ಬಾನೆಟ್ಟು ಎತ್ತಿ ನೋಡಿದ. ಯಾರೋ ಬ್ಯಾಟರಿ ಎಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ನಮ್ಮೂರಿನಲ್ಲಿ ಅಂಥ ಮೌನಕ್ಕೆ ಒಂದೇ ಅರ್ಥ. ಹೆಂಗಸರು ಸೆರಗು ಸರಿಮಾಡಿಕೊಂಡರು, ಗಂಡಸರು ಚಪ್ಪಲಿ ಹುಡುಕಿದರು. ಅಣ್ಣನ ಮುಖ ಕಪ್ಪಿಟ್ಟಿತ್ತು. ಅಪ್ಪ ಸ್ಟಿಯರಿಂಗ್ ಹಿಡಿದೇ ಕೂತಿದ್ದ.

ಆಗ ನಮ್ಮವ್ವ ಹಾಲಮ್ಮ ಮೆಟ್ಟಿಲ ಮೇಲಿಂದ ಇಳಿದು ಬಂದಳು. ಅವ್ವ ನಾಲ್ಕು ಜನರ ಮುಂದೆ ಜೋರಾಗಿ ಮಾತಾಡಿದವಳಲ್ಲ. ಅವತ್ತು ಎಲ್ಲರಿಗೂ ಕೇಳುವಂತೆ ಹೇಳಿದಳು. “ಇಬ್ಬರಲ್ಲ. ಮೂವರು. ನನ್ನ ಮೊದಲ್ನೇದು ಇತ್ತಲ್ಲ.”

ನಮಗಿಂತ ಮೊದಲು ಅವ್ವನಿಗೆ ಒಂದು ಗಂಡುಕೂಸು ಹುಟ್ಟಿತ್ತೆಂಬುದು ನನಗೆ ಗೊತ್ತಿತ್ತು, ಆದರೆ ಯಾರ ಬಾಯಿಂದಲೂ ನೇರವಾಗಿ ಕೇಳಿದ್ದಲ್ಲ. ಬೆಳಿಗ್ಗೆ ಹುಟ್ಟಿ, ಒಂದಿಷ್ಟು ಅತ್ತು, ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡಿತ್ತಂತೆ. ಗಂಡಸರು ಟವೆಲ್ಲಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಎಲ್ಲಿ ಮಣ್ಣು ಮಾಡಿದರೆಂದು ಅವ್ವನಿಗೆ ಹೇಳಲಿಲ್ಲ. ಅಂಥ ಕೂಸು ಲೆಕ್ಕಕ್ಕಿಲ್ಲ, ಅಳಬಾರದು, ಅತ್ತರೆ ಮುಂದಿನದಕ್ಕೆ ಕೇಡು ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದ್ದಳು. ಅವ್ವ ಬಾಯಿ ಮುಚ್ಚಿಕೊಂಡೇ ನಮ್ಮಿಬ್ಬರನ್ನು ಹೆತ್ತು ಸಾಕಿದಳು.

“ಲೆಕ್ಕಕ್ಕೈತೆ,” ಎಂದಳು ಅವ್ವ ಕಾರಿನ ಕಡೆ ಕೈ ತೋರಿಸಿ. “ಈ ಕಾರಿಗೆ ಗೊತ್ತೈತೆ ನೋಡ್ರಿ.”

ಮಾರನೆಯ ದಿನ ತಾನೇ ಬಾಷಾ ಸಾಬರ ಅಂಗಡಿಗೆ ಹೋಗಿ ಕೂತು, ‘ಮೂವರು ಮಕ್ಕಳ ತಂದೆ’ ಎಂದು ಒತ್ತಿಸಿಕೊಂಡು ಬಂದಳು. ಇದು ನನ್ನ ಉಡುಗೊರೆ ಎಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಬೇಡವೆನ್ನಲಿಲ್ಲ, ಬೇಕೆನ್ನಲಿಲ್ಲ. ಅಣ್ಣ ಸ್ಕ್ರೂ ಬಿಗಿದ. ಅಪ್ಪ ಕೀಲಿ ಮುಟ್ಟಿದ್ದೇ ತಡ, ಕಾರು ಗುಡುಗಿದಂತೆ ಎದ್ದಿತು.

ಅವ್ವ ಅಲ್ಲೇ ಬೀದಿಯ ಮಣ್ಣಿನ ಮೇಲೆ ಕೂತುಬಿಟ್ಟಳು. ಮೂವತ್ತು ವರ್ಷ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. ಅಷ್ಟು ದೊಡ್ಡ ದನಿಯಲ್ಲಿ ಅವಳು ಅತ್ತದ್ದನ್ನು, ಅಳುತ್ತಳುತ್ತಲೇ ನಕ್ಕದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅಪ್ಪ ಇಂಜಿನ್ನು ನಿಲ್ಲಿಸದೆ, ಕೆಳಗಿಳಿಯದೆ, ಗಾಜಿನಾಚೆಯಿಂದ ಅವಳನ್ನು ನೋಡುತ್ತಿದ್ದ. ಅವನ ತುಟಿ ಅದುರುತ್ತಿತ್ತು. ಅವನೂ ಮಗನಿಗಾಗಿ ಅಳುತ್ತಿದ್ದಾನೆ ಎಂದು ನಾನು ನಂಬಿದೆ.

ಅವ್ವ ಕೂಸಿಗೆ ಈರಣ್ಣ ಎಂದು ಹೆಸರಿಟ್ಟಳು. ಹಬ್ಬದಲ್ಲಿ ಅವನಿಗೂ ಒಂದು ಎಲೆ ಹಾಕಿದಳು. ಬೆನ್ನು ನೆಟ್ಟಗಾಯಿತು, ಮಾತು ಹೆಚ್ಚಾಯಿತು. ಸುದ್ದಿ ಓಣಿಯಿಂದ ಓಣಿಗೆ ಹರಿಯಿತು. ಮೊದಲು ಬಂದವಳು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಸಿದ್ಲಿಂಗಿ. ಹೊಟ್ಟೆಯಲ್ಲಿ ನಾಲ್ಕು ನಿಂತು ಒಂದೂ ಉಳಿಯದವಳು. ಭಟ್ಟಿಯ ಮಸಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಪ್ಲೇಟಿಗೆ ಅರಿಶಿನ ಹಚ್ಚಿ, ಅದಕ್ಕೆ ಹಣೆ ಮುಟ್ಟಿಸಿದಳು. “ಹಾಲಕ್ಕ, ಹಂಗಾರೆ ನನ್ನವೂ ಎಲ್ಲೋ ಲೆಕ್ಕದಲ್ಲಿ ಅದಾವೆ,” ಎಂದಳು. ಆಮೇಲೆ ಪ್ರತಿ ಸೋಮವಾರ ಅಂಥ ಹೆಂಗಸರು ಬರತೊಡಗಿದರು. ಕಾರು ಇಲ್ಲದವರು, ಮುಂದೆಯೂ ಕೊಳ್ಳಲಾರದವರು. ಅರಿಶಿನ ಹಚ್ಚಿ, ಅವ್ವನ ಹತ್ತಿರ ಒಂದು ಗಳಿಗೆ ಕೂತು ಹೋಗುತ್ತಿದ್ದರು. ಅವ್ವ ಅವರಿಗೆ ಚಹಾ ಕೊಡುತ್ತಿದ್ದಳು. ಹೆಸರಿಟ್ಟಿರೇನು ಎಂದು ಕೇಳುತ್ತಿದ್ದಳು. ಒಬ್ಬ ವಕೀಲರು ತಮ್ಮ ತೀರಿಹೋದ ಮಗಳನ್ನೂ ಸೇರಿಸಿ ಪ್ಲೇಟು ಬರೆಸಿ, ಕಾರು ಏಳದೆ ಅವಮಾನಪಟ್ಟರು. ಅದಕ್ಕೂ ಊರು ಒಂದು ಕಾರಣ ಹುಡುಕಿತು: ಅವರ ಮಗು ಹುಟ್ಟಿದಾಗ ಅತ್ತಿರಲಿಲ್ಲವಂತೆ, ಹಾಲಮ್ಮನದು ಅತ್ತಿತ್ತಂತೆ. ನಂಬಬೇಕೆಂದು ಹೊರಟವರನ್ನು ತಡೆಯುವವರು ಯಾರು?

ಅಪ್ಪ ಮಾತ್ರ ಪ್ಲೇಟಿದ್ದ ಕಾರಿನ ಹಿಂಬದಿಗೆ ಹೋಗುತ್ತಿರಲಿಲ್ಲ. ಸೋಮವಾರ ಬಂತೆಂದರೆ ಕಾರು ಮನೆ ಮುಂದೆಯೇ ಬಿಟ್ಟು, ನಡೆದೇ ಸೋಡಾ ಅಂಗಡಿಗೆ ಹೋಗುತ್ತಿದ್ದ. ಊಟ ಕಡಿಮೆಯಾಯಿತು. ವಯಸ್ಸು ಎಂದುಕೊಂಡೆವು.

ಅಣ್ಣ ಸುರಂಗ ಕೊರೆಯುವ ಕೆಲಸ ಹಿಡಿದು ಗುಡ್ಡದ ಸೀಮೆಗೆ ಹೋದ. ನನ್ನನ್ನು ಇದೇ ಊರಿನ ಒಬ್ಬ ಟೈಲರಿಗೆ ಕೊಟ್ಟರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆರಿಗೆಗೆಂದು ತವರಿಗೆ ಬಂದೆ. ಹೆಣ್ಣುಕೂಸು. ಮೂರು ದಿನ ಇತ್ತು. ಚೆನ್ನಾಗಿ ಅಳುತ್ತಿತ್ತು.

ಆ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಎದೆ ಹಾಲು ತುಂಬಿ ಕಲ್ಲಾಗಿತ್ತು. ಅವ್ವ ಒಂದು ಮಧ್ಯಾಹ್ನ ನನ್ನನ್ನು ಎಬ್ಬಿಸಿ, ಹೊರಗೆ ಕರೆದುಕೊಂಡು ಹೋಗಿ, ಪ್ಲೇಟಿನ ಮೇಲೆ ನನ್ನ ಕೈ ಇಟ್ಟಳು. ಬಿಸಿಲಿಗೆ ತಗಡು ಬಿಸಿಯಾಗಿತ್ತು, ಜ್ವರ ಬಂದ ಮಗುವಿನ ಮೈಯ ಹಾಗೆ. “ಇದ್ದದ್ದು ಇಲ್ಲ ಅಂತ ಆಗಲ್ಲ ಅನ್ಸೂ,” ಎಂದಳು. ನಾನು ಬದುಕಿ ಗಂಡನ ಮನೆಗೆ ಮರಳಿದ್ದು ಆ ಒಂದು ಮಾತು ಹಿಡಿದುಕೊಂಡು.

ಅದಾದ ಮರುವರ್ಷ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಅಪ್ಪ, ಅವ್ವ, ನಾನು ಮೂವರೇ ಹೊರಟೆವು. ಅವ್ವ ಮುಂದೆ ಕೂತಿದ್ದಳು, ತೊಡೆಯ ಮೇಲೆ ಎಲೆ ಅಡಿಕೆ, ಬಾಳೆಹಣ್ಣಿನ ಚೀಲ. ಅಣ್ಣ ಹಬ್ಬಕ್ಕೆ ರಜೆ ಹಾಕಿ ಬರುತ್ತಾನೆ, ಅಷ್ಟರಲ್ಲಿ ಅವನಿಗೊಂದು ಹೆಣ್ಣು ನೋಡಿಡಬೇಕು ಎಂದು ಮಾತಾಡುತ್ತಿದ್ದಳು. ಗಡಿಯಾರದ ಕಂಬದ ಚೌಕಕ್ಕೆ ಬಂದೆವು. ಜನ ತುಂಬಿದ್ದ ಹೊತ್ತು. ಅಲ್ಲಿ, ರಸ್ತೆಯ ನಟ್ಟನಡುವೆ, ಕಾರು ನಿಂತಿತು.

ಕೆಮ್ಮಲಿಲ್ಲ, ಎಳೆದಾಡಲಿಲ್ಲ. ದೀಪ ಆರಿದ ಹಾಗೆ ನಿಂತಿತು.

“ಎಣ್ಣೆ ಹಾಕಿಸಿರ್ಲಿಲ್ಲೇನು?” ಎಂದಳು ಅವ್ವ.

ಅಪ್ಪ ಕೀಲಿ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಹಿಂದಿನಿಂದ ಕೈಗಾಡಿಯವರು ಕೂಗುತ್ತಿದ್ದರು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅದು ಮಾತಾಡಲು ನೋಡಿದ ನೋಟವಲ್ಲ. ನಾನು ಇದ್ದೇನೆಯೇ, ಉಸಿರಾಡುತ್ತಿದ್ದೇನೆಯೇ ಎಂದು ನೋಡಿದ ಹಾಗಿತ್ತು. ಆಮೇಲೆ ಬಾಗಿಲು ತೆಗೆದು ಓಡಿದ. ಮಂಡಿ ನೋವಿನ ಮನುಷ್ಯ, ಪಂಚೆ ಎತ್ತಿ ಹಿಡಿದು, ಒಂದು ಚಪ್ಪಲಿ ಬಿಟ್ಟು ಓಡಿದ.

ಚೌಕದ ಎಡಕ್ಕೆ ಟೆಲಿಫೋನ್ ಆಫೀಸು. ಅಣ್ಣನ ಸುರಂಗದ ಕ್ಯಾಂಪಿಗೆ ಅಲ್ಲಿಂದಲೇ ಫೋನು ಮಾಡುತ್ತಿದ್ದೆವು. ಅಪ್ಪ ಎಡಕ್ಕೆ ತಿರುಗಲಿಲ್ಲ. ಬಲಕ್ಕೆ, ಗಾಣದ ಓಣಿಗೆ ತಿರುಗಿದ.

ಅವನಿಗೆ ಬುದ್ಧಿಭ್ರಮೆಯಾಯಿತೇನೋ ಎಂದು ನಾನು ಹಿಂದೆ ಓಡಿದೆ. ಓಣಿ ಇಕ್ಕಟ್ಟು, ಹಿಂಡಿಯ ವಾಸನೆ. ಕೊನೆಯಲ್ಲಿ ಹೆಂಚಿನ ಒಂದು ಸಣ್ಣ ಮನೆ. ಹೊಸ್ತಿಲ ಮೇಲೆ ಒಬ್ಬ ಹುಡುಗಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಂಟು ವರ್ಷದವಳಿರಬೇಕು, ಎರಡು ಜಡೆ, ಅಂಟು ಕೈ. ಅಪ್ಪನನ್ನು ಕಂಡು ಎದ್ದು ನಿಂತು, “ಅಪ್ಪಾ, ಇವತ್ತು ಸೋಡಾ ತರ್ಲಿಲ್ಲೇನು?” ಎಂದು ಕೇಳಿದಳು.

ಅಪ್ಪ ಅವಳೆದುರು ಕುಸಿದು ಕೂತ. ಅವಳ ಕೆನ್ನೆ, ತಲೆ, ಕೈ ಎಲ್ಲ ಮುಟ್ಟಿ ನೋಡಿದ. ಅವನ ಮುಖ ಸಡಿಲವಾಯಿತು. “ಅದೀಯಾ ತಾಯಿ, ಅದೀಯಾ,” ಎಂದ. ಅಷ್ಟು ನೆಮ್ಮದಿಯನ್ನು ಒಬ್ಬ ಮನುಷ್ಯನ ಮುಖದ ಮೇಲೆ ನಾನು ಆಮೇಲೆಂದೂ ಕಂಡಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಅದು ಅಲ್ಲಿತ್ತು. ಮರುಗಳಿಗೆ ಅವನಿಗೆ ಹೊಳೆಯಿತು. ಇವಳು ಇದ್ದಾಳೆ, ಕಾರಿನಲ್ಲಿ ಅನಸೂಯ ಇದ್ದಾಳೆ. ಹುಡುಗಿಯ ಭುಜ ಹಿಡಿದಿದ್ದ ಕೈ ಹಾಗೆಯೇ ಉಳಿಯಿತು.

ನನ್ನ ಬೆನ್ನ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಅವ್ವ. ಯಾವಾಗ ಬಂದು ನಿಂತಿದ್ದಳೋ ತಿಳಿಯದು. ಬಾಳೆಹಣ್ಣಿನ ಚೀಲ ಇನ್ನೂ ಕೈಯಲ್ಲೇ ಇತ್ತು. ಅವಳು ಅಪ್ಪನ ನೆಮ್ಮದಿಯನ್ನೂ ನೋಡಿದ್ದಳು, ಅದರ ಹಿಂದೆ ಬಂದದ್ದನ್ನೂ ನೋಡಿದ್ದಳು. ಒಳಗಿಂದ ಒಬ್ಬ ಹೆಂಗಸು ಸೌಟು ಹಿಡಿದು ಬಾಗಿಲಿಗೆ ಬಂದು, ಅವ್ವನನ್ನು ಕಂಡು ತಲೆ ತಗ್ಗಿಸಿ ನಿಂತಳು. ಅವ್ವ ಅವಳನ್ನು ಏನೂ ಕೇಳಲಿಲ್ಲ. ಹುಡುಗಿಯನ್ನೇ ದಿಟ್ಟಿಸಿ ನೋಡುತ್ತ, ಬೆರಳು ಮಡಿಸದೆ, ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಣಿಸಿ ಮುಗಿಸಿದ್ದು ನನಗೆ ಅವಳ ಕಣ್ಣಿನಲ್ಲಿ ಕಂಡಿತು.

“ಕೊಟ್ರೇಶಿ,” ಎಂದಳು. ಅಷ್ಟೇ.

ಟೆಲಿಫೋನ್ ಆಫೀಸಿಗೆ ನಾನು ಹೋದೆ. ಲೈನು ಸಿಗಲಿಲ್ಲ. ಸಂಜೆಗೆ ಮುಂಚೆ ಕ್ಯಾಂಪಿನವರೇ ಸುದ್ದಿ ಕಳಿಸಿದರು. ಸುರಂಗದ ಚಾವಣಿ ಕುಸಿದಿತ್ತು. ಬಾಡಿಗೆ ವ್ಯಾನಿನಲ್ಲಿ ಅಣ್ಣನನ್ನು ತಂದರು. ಮುಖಕ್ಕೆ ಏನೂ ಆಗಿರಲಿಲ್ಲ, ಕೂದಲಲ್ಲಿ ಬಿಳಿ ಪುಡಿ ಇತ್ತು. ಅವ್ವ ತನ್ನ ಸೆರಗಿನಿಂದ ಅದನ್ನು ಒರೆಸುತ್ತಲೇ ಇದ್ದಳು, ಎಷ್ಟು ಒರೆಸಿದರೂ ಬರುತ್ತಿತ್ತು. ಮಣ್ಣಿಗೆ ಒಯ್ಯುವಾಗ ಬೀದಿಯ ತುದಿಯಲ್ಲಿ ಆ ಹುಡುಗಿಯೂ ಅವಳ ತಾಯಿಯೂ ನಿಂತಿದ್ದರು. ಹತ್ತಿರ ಬರಲಿಲ್ಲ. ಹುಡುಗಿಯ ಕಿವಿ ಅಣ್ಣನ ಕಿವಿಯ ಹಾಗೆಯೇ ಮುಂದಕ್ಕೆ ಬಾಗಿತ್ತು. ನೋಡಬಾರದೆಂದರೂ ನೋಡಿದೆ.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಅವ್ವ ಅಪ್ಪನನ್ನು ಒಂದೇ ಒಂದು ಮಾತು ಕೇಳಿದಳು. ನಾನು ಅಲ್ಲೇ ಪಾತ್ರೆ ಒರೆಸುತ್ತ ಕೂತಿದ್ದೆ.

“ಅವತ್ತು ಕಾರು ಎದ್ದಾಗ ನಾನು ಬೀದೀಲಿ ಕೂತು ಅತ್ತೆನಲ್ರಿ. ಯಾಕೆ ಎದ್ದಿತು ಅಂತ ನಿಮಗೆ ಗೊತ್ತಿತ್ತು.”

ಅಪ್ಪ ಗೋಡೆಗೆ ಒರಗಿ ಕೂತಿದ್ದ. “ಗೊತ್ತಿತ್ತು. ನೀನು ಅಷ್ಟು ನಕ್ಕಿದ್ದು ನಾನು ನೋಡಿದ್ದೇ ಇಲ್ಲ ಹಾಲಿ. ಆ ನಗು ಕಂಡ ಮೇಲೆ ಹೇಳಾಕೆ ಬಾಯಿ ಬರ್ಲಿಲ್ಲ.”

“ನನ್ನ ಕೂಸನ್ನ ಒಂದ್ಸಲ ಮಣ್ಣು ಮಾಡಿದ್ರಿ, ತೋರಿಸ್ಲಿಲ್ಲ. ಈಗ ಎರಡನೇ ಸಲ ಮಾಡಿದ್ರಿ.”

ಅಪ್ಪ ಕೈ ಮುಗಿದ. ಅವ್ವ ಆ ಕಡೆ ನೋಡಲಿಲ್ಲ. ಅವತ್ತಿನಿಂದ ಅವನ ತಟ್ಟೆಗೆ ಅನ್ನ ಬಡಿಸುತ್ತಾಳೆ, ಬಟ್ಟೆ ಒಗೆದು ಹಾಕುತ್ತಾಳೆ, ಮಾತಾಡುವುದಿಲ್ಲ. ಅವನು ಗಾಣದ ಓಣಿಗೂ ಹೋಗುವುದನ್ನು ಬಿಟ್ಟಿದ್ದಾನೆ. ಎರಡು ಮನೆಗಳಲ್ಲಿ ಯಾವುದಕ್ಕೂ ಅವನು ಉಳಿಯಲಿಲ್ಲ.

ಕಾರನ್ನು ಚೌಕದಿಂದ ಜನ ತಳ್ಳಿಕೊಂಡು ಬಂದು ಮನೆ ಮುಂದೆ ಬಿಟ್ಟಿದ್ದರು. ಪ್ಲೇಟು ಬದಲಿಸಿದರೆ ಓಡುತ್ತಿತ್ತು. ಬಾಷಾ ಸಾಬರು ನನ್ನನ್ನು ದಾರಿಯಲ್ಲಿ ಕಂಡು, ನಾನೂ ಅಣ್ಣನೂ ಮೊದಲು ಒತ್ತಿಸಿದ್ದ ತಗಡು ಇದ್ದರೆ ಅದೇ ಈಗ ನಡೆಯುತ್ತದೆ ಎಂದು ಮೆಲ್ಲಗೆ ಹೇಳಿದರು. ನಿಜ, ನಡೆಯುತ್ತಿತ್ತು. ನಾನೊಬ್ಬಳು, ಅವಳೊಬ್ಬಳು. ಅಪ್ಪನಿಗೆ ನಾವು ಪ್ರೀತಿಯಿಂದ ಕೊಟ್ಟ ಮಾತು ನಿಜವಾಗಲು ಅಣ್ಣ ಸಾಯಬೇಕಾಯಿತು. ನಾನು ಮನೆಗೆ ಬಂದು ಆ ತಗಡನ್ನು ಹುಡುಕಿ ತೆಗೆದು, ಯಾರ ಕೈಗೂ ಸಿಗದಂತೆ ಬಾವಿಗೆ ಹಾಕಿದೆ.

ಅಪ್ಪ ಓಡಿದ್ದನ್ನು ಊರೇ ನೋಡಿತ್ತು. ಗಾಣದ ಓಣಿಯ ಕಥೆ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ತಿರುಗುತ್ತಿತ್ತು. ಗಂಡಸರು ನಗುತ್ತಿದ್ದರು. ಇನ್ನು ಆ ಹೆಂಗಸರು ಬರಲಾರರು ಎಂದುಕೊಂಡಿದ್ದೆ. ಆದರೆ ಸೂತಕ ಕಳೆದ ಮೊದಲ ಸೋಮವಾರವೇ ಬಂದರು. ಮೊದಲಿಗಿಂತ ಹೆಚ್ಚು ಜನ. ಯಾರೂ ಅರಿಶಿನದ ಬಟ್ಟಲಿಗೆ ಕೈ ಹಾಕದೆ ನಿಂತಿದ್ದರು. ಸಿದ್ಲಿಂಗಿ ಮುಂದೆ ಬಂದಳು.

“ಹಾಲಕ್ಕ, ನಿನ್ನ ಹೊಟ್ಟೆ ಉರೀತಿರೋವಾಗ ಕೇಳಬಾರದು. ಜನ ಏನೇನೋ ಅಂತಾರೆ. ಕೂಸು ಲೆಕ್ಕದಲ್ಲಿ ಇರ್ಲೇ ಇಲ್ಲ ಅಂತಾರೆ. ನೀನೊಂದು ಮಾತು ಹೇಳಿಬಿಡು. ಕಾರು ಯಾಕೆ ನಿಂತಿತು?”

ಅವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಮುಖ ಕಲ್ಲಿನ ಹಾಗಿತ್ತು. ಇವತ್ತು ಎಲ್ಲ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ, ಇವರೆಲ್ಲ ನಮ್ಮ ಜೊತೆ ಮುಳುಗಲಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

“ಇಂಜಿನ್ ಕೆಟ್ಟೈತೆ ಸಿದ್ಲಿಂಗಿ,” ಎಂದಳು ಅವ್ವ. “ಹಳೇ ಗಾಡಿ. ಪ್ಲೇಟು ಸರಿ ಐತೆ.”

ಸಿದ್ಲಿಂಗಿಗೆ ಅಷ್ಟು ಸಾಲಲಿಲ್ಲ. ನನ್ನ ಕಡೆ ತಿರುಗಿದಳು. “ಅನ್ಸೂ, ನೀನು ಕಾರಲ್ಲೇ ಇದ್ದೆ. ನೀನೂ ನಮ್ಮ ಹಂಗೇ ಕಳ್ಕೊಂಡಾಕಿ. ನೀನು ಹೇಳವ್ವ.”

ಅವರೆಲ್ಲರೂ ನನ್ನನ್ನು ನೋಡಿದರು. ಅದರಲ್ಲಿ ನನಗಿಂತ ಚಿಕ್ಕವಳೊಬ್ಬಳಿದ್ದಳು. ಅವಳ ರವಿಕೆಯ ಮುಂಭಾಗ ಹಾಲಿಗೆ ಒದ್ದೆಯಾಗಿತ್ತು. ಆ ಒದ್ದೆ ಏನೆಂದು ನನಗೆ ಗೊತ್ತಿತ್ತು.

“ಹೌದು ಸಿದ್ಲಿಂಗಕ್ಕ,” ಎಂದೆ. “ಇಂಜಿನ್ನೇ.”

ಒಬ್ಬೊಬ್ಬರೇ ಹೋಗಿ ಅರಿಶಿನ ಹಚ್ಚಿದರು. ಅವ್ವ ಒಳಗಿಂದ ಚಹಾ ತಂದಳು. ಅವರು ಕುಡಿದರು, ಕಣ್ಣೊರೆಸಿಕೊಂಡರು, ಕೊಟ್ರೇಶಿಯ ಒಳ್ಳೆಯತನ ಹೊಗಳಿದರು, ಹೋದರು. ಅಪ್ಪ ಒಳಗಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿರಬೇಕು.

ನಾನು ಲೋಟಗಳನ್ನು ಆಯ್ದುಕೊಳ್ಳುತ್ತಿದ್ದೆ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು, ನನ್ನ ಮುಖ ನೋಡದೆ ಕೇಳಿದಳು.

“ಅನ್ಸೂ, ನಿನ್ನ ಕೂಸಿಗೆ ಏನಾರ ಹೆಸರಿಟ್ಟಿದ್ಯಾ?”

“ಇಲ್ಲವ್ವ. ಇಡಬೇಕು ಅಂತಿದ್ದೆ.”

“ಇಡಬ್ಯಾಡ,” ಎಂದು ಅವ್ವ ಒಳಗೆ ಹೋದಳು.